ದೊರೆಸಾನಿ ಸೊಕ್ಕು, ಕಡಕ್ ರೊಟ್ಟಿ

ನಮ್ಮ ದೊಡ್ಡವ್ವಗ, ಅಂದ್ರ ಅಪ್ಪನ ಅಣ್ಣನ ಹೆಂಡತಿಗೆ, ಸ್ವಂತ ಅತ್ತಿ ಫೋಟೋಕ್ಕಿಂತ ಒಬ್ಬ ಇಂಗ್ಲಿಷ್ ದೊರೆಸಾನಿ ಫೋಟೋ ಮ್ಯಾಲೆ ಭಕ್ತಿ ಜಾಸ್ತಿ. ಬ್ರಿಟಿಷರ ಕಾಲದಾಗ ಆ ಯಮ್ಮ ಕುಂದಗೋಳ ಕಡೆ ಬೇಟೆಗೆ ಬಂದು, ನಮ್ಮ ದೊಡ್ಡಮನಿ ವಾಡೇದಾಗ ಒಂದು ಹೊತ್ತು ಉಂಡು ಹೋಗಿದ್ದಳಂತ. ಅಷ್ಟಕ್ಕ ಈಕಿ ಸೊಕ್ಕು ನೆತ್ತಿಗೇರೇತಿ. ದೊರೆಸಾನಿ ಅಪ್ಪಂದು ಅರಮನಿಯಂಥ ದೊಡ್ಡ ಕ್ವಾಟಿ, ಆಕಿ ಪಾರ್ಟಿಗೆ ರಾಜಕುಮಾರರು ಬರತಿದ್ರು ಅಂತ ಬಂದವರ ಮುಂದೆಲ್ಲ ಒದರೋದು. ನಾನು ಮೊಬೈಲಿನ್ಯಾಗ ಹುಡುಕೀನಿ. ಯಮ್ಮ ಒಬ್ಬರಾದ ಮ್ಯಾಲೊಬ್ಬರಂಗ ಗಂಡಂದಿರನ್ನ ಬಿಟ್ಟಾಳ, ಮಕ್ಕಳು ಆಯಾಗಳ ಕೈಯಾಗ ಬೆಳದಾರ, ಕ್ವಾಟಿ ಈಗ ಲಾಡ್ಜ್ ಆಗೇತಿ. ಇದನ್ನ ಹೇಳಿದ್ದಕ್ಕ ದೊಡ್ಡವ್ವ ನನ್ನ ಕೂಡ ಮಾತು ಬಿಟ್ಟಳು. ಅಗದಿ ಆರಾಮ ಇದ್ದೆ.

ನಮ್ಮ ತಂಗಿ ಗುಡಗೇರಿ ಹುಡುಗನ್ನ ಮೆಚ್ಚಿದ್ದಳು. ನಮ್ಮ ಪೈಕಿಯವರೇ, ಕಾಳಿನ ವ್ಯಾಪಾರದ ಮನೆತನ. ದೊಡ್ಡವ್ವ ಮೂಗು ಮುರದಳು. ವಾಡೇದ ಹುಡುಗಿ ತಕ್ಕಡಿ ಹಿಡಿಯೋರ ಮನಿಗೆ ಹೋಗಬೇಕಾ ಅಂದಳು. ಎಲ್ಲಿ ವಾಡೆ? ಹಿತ್ತಲ ಗ್ವಾಡಿ ಬಿದ್ದು ಹಂದಿ ಒಳಗ ಬರತಾವ. ಅಪ್ಪಂದಂತೂ ಕೇಳಬ್ಯಾಡ್ರಿ, ವೈನಿ, ಅಂದ್ರ ದೊಡ್ಡವ್ವ, ಹೂಂ ಅನ್ನದ ಹೊರತು ಒಂದು ಕಡ್ಡಿ ಎತ್ತಿ ಆಕಡೆ ಇಡಾಂವ ಅಲ್ಲ. ತಂಗಿ ಊಟ ಬಿಟ್ಟು ಕುಂತಳು.

ಕಡೀಗೆ ಹುಡುಗನ ಅವ್ವನೇ ಮಾತಾಡಾಕ ಬಂದಳು. ಆಕಿಗೆ ತನ್ನ ದೊಡ್ಡಸ್ತಿಕಿ ತೋರಸಾಕಂತ ದೊಡ್ಡವ್ವ ಟೇಬಲ್ ಮ್ಯಾಲೆ ಚಾಕು, ಫೋರ್ಕು ಇಡಿಸಿದಳು. ಊಟಕ್ಕ ಏನು? ಎಣಗಾಯಿ, ಕಡಕ್ ರೊಟ್ಟಿ! ದೊರೆಸಾನಿ ಹಿಂಗ ತಿಂತಿದ್ದಳು ಅಂತ ಹೇಳಿ ರೊಟ್ಟಿಗೆ ಫೋರ್ಕ್ ಚುಚ್ಚಿ, ಚಾಕು ಒತ್ತಿದಳು. ರೊಟ್ಟಿ ಚಟ್ ಅಂತ ಮುರದು, ಒಂದು ತುಂಡು ಹಾರಿ ಬೀಗತಿ ಆಗೋ ಆ ಹೆಣ್ಣುಮಗಳ ಉಡಿಯಾಗ ಬಿತ್ತು.

ಯಾರೂ ನಗಲಿಲ್ಲ. ಆಕಿ ಆ ತುಂಡನ್ನ ಸೆರಗಿನಾಗ ಹಿಡಕೊಂಡು ಎದ್ದು, ಬಾಗಲದಾಗ ನಿಂತಿದ್ದ ತಂಗಿ ಹತ್ರ ಹೋಗಿ, ದೊಡ್ಡವ್ವನ ಕಡೆ ತಿರುಗಿ ಅಂದಳು:

"ಬಾಯಿಸಾಹೇಬ್ರು ತಮ್ಮ ಕೈಯಾರೆ ನನ್ನ ಉಡಿ ತುಂಬಿದ್ರು. ಅಂದ್ರ ಒಪ್ಪಿಗಿ ಆತಲ್ರಿ? ಇನ್ನ ನಾನು ನನ್ನ ಸೊಸಿ ಉಡಿ ತುಂಬತೀನಿ."

ಅಪ್ಪ ವೈನಿ ಮಾರಿ ನೋಡಿದ. ಇಲ್ಲ, ಅದು ತಪ್ಪಿ ಸಿಡಿದದ್ದು ಅನ್ನಬೇಕಂದ್ರ, ತನಗ ಚಾಕು ಹಿಡಿಯಾಕ ಬರಂಗಿಲ್ಲಂತ ಎಲ್ಲಾರ ಮುಂದ ದೊಡ್ಡವ್ವ ಒಪ್ಪಬೇಕಾಗಿತ್ತು. ಆಕಿ ದೊರೆಸಾನಿ ಫೋಟೋ ಕಡೆ ಒಮ್ಮೆ ನೋಡಿ ಫೋರ್ಕ್ ಕೆಳಗಿಟ್ಟಳು.

"ಹೌದ್ರಿ," ಅಂದಳು, "ನಾನೇ ತುಂಬೀನಿ."