ಬಿಸ್ಕಿಟ್ ಒಯ್ದ ಲಿಂಗ

ಇಂಗ್ಲೆಂಡಿಗೆ ಬಂದ ಐದನೇ ದಿನ, ಜೀವಂತ ಪ್ರಾಣಿಯೊಂದರ ಹಣೆಗೆ ವಿಭೂತಿ ಹಚ್ಚಿ, ಅದು ಸತ್ತಿತೆಂದು ಅದರ ಮುಂದೆ ಕೂತು ಅತ್ತವಳು ನಾನು.

ಆ ಪ್ರಾಣಿ ನಮ್ಮ ಮನೆಯೊಡತಿ ಡೋರೀನ್ ಸಾಕಿದ ಫೆರೆಟ್. ನಮ್ಮೂರ ಹತ್ತಿರದ ಅಡರಕಟ್ಟಿಯ ಹೊಲದ ಬದುವಿನಲ್ಲಿ ಓಡಾಡುವ ಮುಂಗಲಿಯನ್ನು, ಅಂದರೆ ಮುಂಗುಸಿಯನ್ನು, ಯಾರೋ ಸಣ್ಣದು ಮಾಡಿ, ಮೈಗೆ ಕೆನೆಬಣ್ಣ ಬಳಿದು, ಕಣ್ಣ ಸುತ್ತ ಕಾಡಿಗೆ ಹಚ್ಚಿದ ಹಾಗಿತ್ತು. ಹೆಸರು ಬಿಸ್ಕಿಟ್. "ಅಂಗಡಿಗೆ ಹೋಗಿ ಬರುತ್ತೇನೆ, ಇವನನ್ನು ಸ್ವಲ್ಪ ನೋಡಿಕೋ ಲವ್" ಎಂದು ಹೇಳಿ ಅವರು ಹೊರಗೆ ಹೋಗಿದ್ದರು. ಈ ಯಾರ್ಕ್‌ಶೈರ್ ಸೀಮೆಯಲ್ಲಿ ಬಸ್ಸಿನವರು, ಔಷಧ ಅಂಗಡಿಯವರು, ಎಲ್ಲರೂ ಎಲ್ಲರನ್ನೂ 'ಲವ್' ಅಂತಲೇ ಕರೆಯುತ್ತಾರೆ. ನಮ್ಮ ಕಡೆ ಗುರುತಿಲ್ಲದವರಿಗೂ 'ಯವ್ವಾ' ಅನ್ನುತ್ತೇವಲ್ಲ, ಹಾಗೆ.

ನಾನು ಹೋಗಿ ನೋಡಿದರೆ ಬಿಸ್ಕಿಟ್ ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ ಬಿದ್ದಿತ್ತು. ಎತ್ತಿದೆ. ತೊಯ್ದ ಟವೆಲ್ಲಿನಂತೆ ಜೋತುಬಿತ್ತು. ಅಲ್ಲಾಡಿಸಿದೆ, ಕೂಗಿದೆ. ಜಪ್ಪಯ್ಯ ಅನ್ನಲಿಲ್ಲ. ಪರರ ಮನೆಯ ಜೀವ ನನ್ನ ಕೈಯಲ್ಲಿ ಹೋಯಿತಲ್ಲ ಶಿವನೇ ಎಂದು ಅಳುತ್ತ ಕೂತೆ. ಮಂತ್ರ ಹೇಳಿ ವಿಭೂತಿ ಹಚ್ಚಿದೆ. ಡೋರೀನ್ ಬಂದವರೇ ಮೂರು ಬಿಳಿ ಗೆರೆ ನೋಡಿ, ನನ್ನ ಕಣ್ಣೀರು ನೋಡಿ, ಗೋಡೆ ಹಿಡಿದುಕೊಂಡು ನಕ್ಕರು. ಫೆರೆಟ್‌ಗಳ ನಿದ್ದೆಯೇ ಹಾಗಂತೆ. ದಿನದ ಮುಕ್ಕಾಲು ಪಾಲು ಮಲಗುತ್ತವೆ, ಮಲಗಿದರೆ ಹೆಣ. ಅಷ್ಟರಲ್ಲಿ ಬಿಸ್ಕಿಟ್ ಆಕಳಿಸಿ ಎದ್ದು, ನನ್ನ ಸೀರೆಯ ನೆರಿಗೆಯೊಳಗೆ ಹೊಕ್ಕಿತು.

ನಾವು ಇಲ್ಲಿಗೆ ಬಂದದ್ದು ನಮ್ಮನೆಯವರ ಕೆಲಸದಿಂದ. ಗದಗಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ರೋಗಿಗಳೆಲ್ಲ 'ಬ್ರದರ್' ಎನ್ನುತ್ತಿದ್ದರು. ಈಗ ಇಲ್ಲಿನ ಆಸ್ಪತ್ರೆಯಲ್ಲಿ ಅದೇ ಕೆಲಸ. ಡೋರೀನ್ ಎಪ್ಪತ್ತು ದಾಟಿದ ವಿಧವೆ. ಮೇಲಿನ ಎರಡು ಕೋಣೆ ನಮಗೆ, ಕೆಳಗಿನ ಅಡುಗೆಮನೆ ಇಬ್ಬರಿಗೂ. ಹಿರಿಯರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಏಳಲಿಲ್ಲ, ಡೋರೀನವ್ವ ಅಂದೆ. ಅವರಿಗೂ ರೂಢಿಯಾಯಿತು.

ರೂಢಿಯಾಗದ್ದು ನನಗೆ. ನಮ್ಮಲ್ಲಿ ಮುಂಗಲಿ ದಾರಿಗೆ ಅಡ್ಡ ಬಂದರೆ ಹೋದ ಕೆಲಸ ಆಯಿತು ಎಂದು ಕೈಮುಗಿಯುತ್ತೇವೆ. ಹಾಗಂತ ಅದನ್ನು ಮನೆಯೊಳಗೆ ಕರೆದು ತೊಟ್ಟಿಲು ಕಟ್ಟುತ್ತೇವೆಯೇ? ಇಲ್ಲಿ ಬಿಸ್ಕಿಟ್‌ನ ಪಂಜರದಲ್ಲಿ ತೂಗುವ ಬಟ್ಟೆಯ ಹಾಸಿಗೆ. ಉಗುರು ಕತ್ತರಿಸುವ ದಿನ ಅದರ ಹೊಟ್ಟೆಗೆ ಒಂದು ಹನಿ ಮೀನಿನ ಎಣ್ಣೆ ಬಿಡುತ್ತಾರೆ. ಅದು ನೆಕ್ಕುತ್ತಿರುವಾಗಲೇ ಉಗುರು ಮುಗಿದಿರುತ್ತದೆ. ಮುಂಜಾನೆ, ಸಂಜೆ ಹೊರಗೆ ಬಿಟ್ಟರೆ ಬೆನ್ನು ಬಿಲ್ಲಿನಂತೆ ಬಾಗಿಸಿ ಅಡ್ಡಡ್ಡ ಜಿಗಿಯುತ್ತದೆ. ಮೈಯಲ್ಲಿ ದೇವರು ಬಂದಿದೆ ಎಂದೇ ನಾನು ತಿಳಿದಿದ್ದೆ, ಅದು ಸಂತೋಷವಂತೆ.

ಆದರೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಅದರ ಹಸಿಮಾಂಸ. ಹುಟ್ಟಿದಾಗಿನಿಂದ ಮಾಂಸದ ನೆರಳು ಸೋಕದ ನಾನು, ಅದೇ ಫ್ರಿಜ್ಜಿನಲ್ಲಿ ನನ್ನ ಮೊಸರು ಇಡಬೇಕು! ಪಾಪ, ಸಾತ್ವಿಕವಾದದ್ದು ತಿನ್ನಲಿ ಎಂದು ಒಮ್ಮೆ ತುಪ್ಪ ಸವರಿದ ರೊಟ್ಟಿಯ ಚೂರು ಕೊಟ್ಟೆ. ಡೋರೀನವ್ವ ಓಡಿಬಂದು ಅದರ ಬಾಯಿಂದ ಕಿತ್ತರು. "ಇವನ ಹೊಟ್ಟೆಗೆ ಮಾಂಸ ಒಂದೇ ಆಗಿಬರುವುದು. ಹಿಟ್ಟು, ಹಾಲು ಕೊಟ್ಟರೆ ರೋಗ ಬರುತ್ತದೆ" ಎಂದರು. ಶಿವ ಅಂಥದ್ದೊಂದು ಜೀವ ಮಾಡಿದ್ದಾನೆ, ಅದನ್ನು ನನ್ನ ಪಕ್ಕದಲ್ಲೇ ಇಟ್ಟಿದ್ದಾನೆ. ಬೇರೆ ಮನೆ ನೋಡ್ರಿ ಎಂದು ನಮ್ಮನೆಯವರ ಬೆನ್ನು ಹತ್ತಿದೆ. ಅವರು ಹುಡುಕಿ, ಒಂದು ಭಾನುವಾರ ನೋಡಲು ಹೋಗೋಣ ಎಂದರು.

ಆ ಭಾನುವಾರಕ್ಕೆ ಮೂರು ದಿನ ಮುಂಚೆ ಇದಾಯಿತು.

ಮುಂಜಾನೆ ನಮ್ಮನೆಯವರು ಡ್ಯೂಟಿಗೆ ಹೋದ ಮೇಲೆ, ಮೇಲಿನ ಕೋಣೆಯಲ್ಲಿ ಪೂಜೆಗೆ ಕೂತಿದ್ದೆ. ಕೊರಳಲ್ಲಿ ಕಟ್ಟಿಕೊಳ್ಳುವ ನನ್ನ ಇಷ್ಟಲಿಂಗ ಸಣ್ಣವಳಿದ್ದಾಗ ದೀಕ್ಷೆಯಲ್ಲಿ ಗುರುಗಳು ಕೊಟ್ಟದ್ದು. ಅಂಗೈಯಲ್ಲಿಟ್ಟು ಪೂಜಿಸಿ, ಅರಿವೆಯಲ್ಲಿ ಸುತ್ತಿ ಇನ್ನೇನು ಕೊರಳಿಗೆ ಕಟ್ಟಬೇಕು, ಊದಿನಕಡ್ಡಿಯ ಹೊಗೆಗೆ ಹೊರಗಿನ ಗಂಟೆ ಕಿರುಚಿಕೊಂಡಿತು. ಇಲ್ಲಿ ಪ್ರತಿ ಮನೆಯ ಮಾಳಿಗೆಗೂ ಹೊಗೆ ಕಂಡರೆ ಕೂಗುವ ಯಂತ್ರ ಇರುತ್ತದೆ. ಗಾಬರಿಯಲ್ಲಿ ಲಿಂಗವನ್ನು ತಾಟಿನಲ್ಲಿಟ್ಟು, ಬಾಗಿಲ ಹೊರಗೆ ಓಡಿ, ಸೆರಗಿನಿಂದ ಗಾಳಿ ಹಾಕಿದೆ. ಕೂಗು ನಿಂತಿತು. ಒಳಗೆ ಬಂದೆ.

ತಾಟಿನಲ್ಲಿ ಹೂವು ಇತ್ತು. ಲಿಂಗ ಇರಲಿಲ್ಲ.

ಬಾಗಿಲ ಸಂದಿಯಲ್ಲಿ ಕೆನೆಬಣ್ಣದ ಬಾಲವೊಂದು ಮೆಟ್ಟಿಲಿಳಿಯುವುದು ಕಂಡಿತು. ನಾನು ಕೂಗಿದ ಕೂಗಿಗೆ ಡೋರೀನವ್ವ ಅಡುಗೆಮನೆಯಿಂದ ಹೊರಬಂದರು. ಅಷ್ಟರಲ್ಲಿ ಬಿಸ್ಕಿಟ್ ಖಾಲಿ ಬಾಯಲ್ಲಿ ಅವರ ಕಾಲ ಹತ್ತಿರ ಕುಣಿಯುತ್ತಿತ್ತು.

"ಕದಿಯುವುದು ಇವನ ಚಾಳಿ. ಎಲ್ಲೋ ಬಚ್ಚಿಟ್ಟಿದ್ದಾನೆ. ಚಹಾ ಕುಡಿ, ಆಮೇಲೆ ಹುಡುಕೋಣ" ಎಂದರು.

"ಅದು ಸಿಗುವ ತನಕ ನಾನು ನೀರೂ ಕುಡಿಯುವಂತಿಲ್ಲ" ಎಂದೆ. ನನ್ನ ಮುರುಕು ಇಂಗ್ಲಿಷಿನಲ್ಲಿ, ಅದು ನನ್ನ ಒಡವೆಯಲ್ಲ, ನನ್ನ ಪ್ರಾಣ ಎಂದೆ. ಅವರು ನನ್ನ ಮುಖ ನೋಡಿದರು. ಬಟ್ಟಲಿನ ಚಹಾವನ್ನು ಮೋರಿಗೆ ಸುರಿದು, "ಹಾಗಾದರೆ ನನಗೂ ಬೇಡ" ಎಂದರು.

ನಮ್ಮೂರು ಲಕ್ಷ್ಮೇಶ್ವರದಲ್ಲಾಗಿದ್ದರೆ ಓಣಿಯೇ ನೆರೆಯುತ್ತಿತ್ತು. ಅರ್ಧ ಜನ ಹುಡುಕಿದರೆ ಅರ್ಧ ಜನ ಬೈಯುತ್ತಿದ್ದರು. ಇಲ್ಲಿ ನಾನು, ಮೊಣಕಾಲು ನೋವಿನ ಒಬ್ಬ ಮುದುಕಿ. ಸೋಫಾ ಮಗುಚಿದೆವು, ಹಾಸಿಗೆ ಎತ್ತಿದೆವು, ಬೂಟುಗಳೊಳಗೆ ಕೈ ಹಾಕಿದೆವು. ಮಧ್ಯಾಹ್ನವಾಯಿತು. ಬಾಯಿ ಒಣಗಿ ಶಿವನಾಮವೂ ಹೊರಡದಾಯಿತು.

"ನಿನ್ನ ಮೇಲೆ ಇವನಿಗೆ ಜೀವ. ನನ್ನ ಒಂದು ಚಪ್ಪಲಿಯನ್ನೂ ಇವನು ಮುಟ್ಟುವುದಿಲ್ಲ" ಎಂದು ಡೋರೀನವ್ವ ಗೊಣಗಿದರು. ಆಮೇಲೆ ಎದ್ದುಹೋಗಿ ಕಪಾಟಿನಿಂದ ಒಂದು ಸಣ್ಣ ಚರ್ಮದ ಚೀಲ ತಂದರು. ನಮ್ಮ ಎಲೆಅಡಿಕೆಯ ಚಂಚಿಯ ಹಾಗಿತ್ತು. ಗಂಡನ ತಂಬಾಕಿನ ಚೀಲವಂತೆ. ಅದರ ವಾಸನೆ ಹೋಗದಿರಲಿ ಎಂದು ಅವರು ಅದನ್ನು ತೆರೆಯುತ್ತಲೂ ಇರಲಿಲ್ಲ.

"ಇದನ್ನು ಒಯ್ಯಲಿ. ಎಲ್ಲಿಗೆ ಒಯ್ಯುತ್ತಾನೋ ನೋಡು."

"ಬ್ಯಾಡ, ಬ್ಯಾಡ! ಅದೂ ಹೋದರೆ?" ಎಂದೆ ಕನ್ನಡದಲ್ಲೇ.

ಅವರು ಅರ್ಥವಾದವರ ಹಾಗೆ ತಲೆಯಾಡಿಸಿ, ನನ್ನ ವಾಸನೆ ಹತ್ತಲಿ ಎಂದು ಚೀಲವನ್ನು ನನ್ನ ಸೆರಗಿಗೆ ಉಜ್ಜಿ, ನೆಲಕ್ಕೆ ಹಾಕಿದರು.

ಬಿಸ್ಕಿಟ್ ಮೂಸಿತು. ಕಚ್ಚಿಕೊಂಡಿತು. ಹಿಂದೆ ಹಿಂದೆ ಎಳೆಯುತ್ತ ಅಡುಗೆಮನೆಗೆ ಹೋಯಿತು. ನಾನು ಸೀರೆ ಎತ್ತಿಕಟ್ಟಿ, ಅಂಬೆಗಾಲಿಟ್ಟು ಹಿಂಬಾಲಿಸಿದೆ. ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ, ನೆಲಕ್ಕೆ ಹತ್ತಿದ ಹಲಗೆಯ ಮೂಲೆ ಮುರಿದಿತ್ತು. ಅದರೊಳಗೆ ಮಾಯವಾಯಿತು. ಹಲಗೆ ಕಿತ್ತು ಟಾರ್ಚ್ ಹಾಕಿದರೆ ದೊಡ್ಡ ಸಂಸಾರವೇ ಅಲ್ಲಿತ್ತು: ನಮ್ಮನೆಯವರ ಮೂರು ಕಾಲುಚೀಲ, ನನ್ನ ಹೇರ್‌ಪಿನ್ನು, ಒಂದು ಆಲೂಗಡ್ಡೆ, ಒಣಗಿದ ಮಾಂಸದ ತುಂಡು. ಆ ತುಂಡಿಗೆ ಒತ್ತಿಕೊಂಡು, ಜೊಲ್ಲಿನಿಂದ ತೊಯ್ದ ನನ್ನ ಲಿಂಗದ ಅರಿವೆ. ಗಂಟು ಬಿಚ್ಚಿರಲಿಲ್ಲ. ಶಿವ ಅಷ್ಟು ಕರುಣೆ ಮಾಡಿದ್ದ.

ಎದೆಗೆ ಒತ್ತಿಕೊಂಡೆ. ಮರುಕ್ಷಣವೇ ಹೆದರಿಕೆಯಾಯಿತು. ಮಾಂಸ ತಾಗಿದ ಲಿಂಗ ಕಟ್ಟಿಕೊಳ್ಳಬಹುದೇ? ಲಕ್ಷ್ಮೇಶ್ವರಕ್ಕೆ, ಅತ್ತೆಗೆ ಫೋನ್ ಹಚ್ಚಿದೆ. ಮೈದುನನ ಸಂಸಾರದ ಜೊತೆ ಅಲ್ಲಿರುವ ಅವರು ನೇಮದಲ್ಲಿ ಬಲು ಕಟ್ಟುನಿಟ್ಟು.

"ಅತ್ತೀ, ನನ್ನಿಂದ ತಪ್ಪಾಗೈತ್ರಿ. ಲಿಂಗ ಮುಂಗಲಿ ಒಯ್ದಿತ್ರಿ. ಈಗ ಸಿಕ್ಕೈತಿ, ಮಾಂಸದ ಬಾಜೂಕ."

"ಮುಂಗಲಿ? ಮನಿಯೊಳಗ?"

ಹಿಂದಿನಿಂದ ನೆಗೆಣ್ಣಿಯ, ಮೈದುನನ ಹೆಂಡತಿಯ ದನಿ: "ಅಕ್ಕಾರ, ಅಲ್ಲಿ ಮುಂಗಲಿನೂ ಪೂಜಿ ಮಾಡ್ತಾವೇನ್ರಿ?"

"ನೀ ಸುಮ್ನಿರs!" ಎಂದು ಆಕೆಯನ್ನು ಗದರಿಸಿ ಅತ್ತೆ ಹೇಳಿದರು: "ಲಿಂಗಕ್ಕ ಮೈಲಿಗಿ ಹತ್ತೂದಿಲ್ಲವಾ. ನೀ ಕೈಬಿಟ್ಟಿ ನೋಡು, ಅದು ತಪ್ಪು. ತೊಳದು, ಅರಿವಿ ಬದಲಿ ಮಾಡಿ, ನೂರಾಎಂಟು ಸರ್ತಿ ಶಿವನಾಮ ಹೇಳಿ ಕಟ್ಗೊ. ಏನರ ತಿಂದೀಯೇನು?"

"ಇಲ್ರಿ. ಈ ಮುದುಕೀನೂ ನನ್ನ ಸಂಗಾಟ ಉಪಾಸ ಅದಾಳ್ರಿ."

"ಯಾಕ? ಆಕೀದೇನ ಕಳದೈತಿ?"

"ಏನಿಲ್ರಿ. ನಾ ಉಣಲಿಲ್ಲಂತ ಆಕೀನೂ ಉಣಲಿಲ್ರಿ."

"ಮೊದಲ ಆಕಿಗೆ ಉಣ್ಣಾಕ ಹಾಕು. ಖರೆ, ಆ ಮನಿ ಮಾತ್ರ ಬಿಡ್ರಿ. ಜಲ್ದಿ ಬ್ಯಾರೆ ನೋಡ್ರಿ."

ವಾರಗಟ್ಟಲೆ ನಾನೇ ಹೇಳಿದ ಮಾತು. ಆದರೆ ಬಾಯಿಂದ ಬಂದದ್ದೇ ಬೇರೆ: "ಬ್ಯಾಡ್ರಿ ಅತ್ತೀ. ಆ ಹಲಗಿ ಸರಿ ಮಾಡ್ತೀವಿ. ನಮ್ಮ ಮನಿಯಾಗ ಇನ್ನೊಮ್ಮೆ ಹಿಂಗಾಗೂದಿಲ್ಲ."

"ನಮ್ಮ ಮನಿ ಇಲ್ಲೈತಲ್ಲವಾ" ಎಂದರು ಅತ್ತೆ, ಮೆಲ್ಲಗೆ.

"ಹೌದ್ರಿ" ಎಂದೆ. ಅದೂ ಸುಳ್ಳಲ್ಲ.

ಜೋಳದ ಹಿಟ್ಟು ಎರಡು ರೊಟ್ಟಿಗೆ ಆಗುವಷ್ಟು ಉಳಿದಿತ್ತು. ಡೋರೀನವ್ವನಿಗೆ ಒಂದು, ನನಗೊಂದು. ಅವರು ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ, ಇನ್ನೊಂದರಲ್ಲಿ ಒದ್ದೆಯಾದ ಚೀಲವನ್ನು ಮೂಗಿಗೆ ಹಿಡಿದು ನೋಡಿದರು. "ವಾಸನೆ ಐತೇನ್ರಿ?" ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ನಮ್ಮನೆಯವರು ಬಂದಾಗ, ಅತ್ತೆ ಹೇಳಿದ್ದನ್ನೂ ತಿಳಿಸಿ, ಭಾನುವಾರ ಹೋಗುವುದು ಬ್ಯಾಡ್ರಿ ಎಂದೆ.

"ಮತ್ತ ನಮ್ಮ ಅವ್ವಗ ಏನಂತ ಹೇಳೂದು?"

"ನೀವs ಹೇಳ್ರಿ" ಎಂದೆ. "ನನಗ ಅತ್ತಿ ಮುಂದ ಮತ್ತ ಬಾಯಿ ಬರೂದಿಲ್ಲ."