ತೆಗೆಸಬಾರದಿದ್ದ ಪುಟ

ಭದ್ರಾವತಿಯಲ್ಲಿದ್ದ ದೊಡ್ಡಪ್ಪನ ಮಗಳು, ನಾನು ಅಕ್ಕ ಎನ್ನುವವಳು, ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಬಿ.ಎಡ್ ಓದುತ್ತಿದ್ದಳು. ಆ ವರ್ಷ ಯಾರೋ ಅವಳ ಹೆಸರಿನಲ್ಲಿ ಇಂಟರ್‌ನೆಟ್‌ನಲ್ಲಿ ಒಂದು ಪುಟ ತೆರೆದರು. ಗ್ರೂಪ್ ಫೋಟೋದಿಂದ ಕತ್ತರಿಸಿದ ಅವಳ ಮುಖ, ಬೇರೆ ಯಾರದೋ ಬೆತ್ತಲೆ ಮೈ, ಕೆಳಗೆ ಅವರ ಕ್ವಾರ್ಟರ್ಸ್ ಮನೆಯ ಫೋನ್ ನಂಬರು. ಫೋನ್ ಎತ್ತುತ್ತಿದ್ದವರು ದೊಡ್ಡಪ್ಪ. ನಾಲ್ಕನೇ ಕರೆಯ ನಂತರ, “ಯಾರು ಅಂತ ಗೊತ್ತಾಗೋ ತನಕ ಕಾಲೇಜು ಬೇಡ” ಎಂದುಬಿಟ್ಟರು.

ಪೊಲೀಸರ ಹತ್ತಿರ ಹೋಗೋಣ ಎಂದು ಅಕ್ಕ ಹೇಳಿದಳು. ನಾನು ಬೇಡವೆಂದೆ. ಕಾನೂನು ಪುಸ್ತಕದಲ್ಲಿರುವ ಸೆಕ್ಷನ್ ಪುಸ್ತಕದಲ್ಲೇ ಇರುತ್ತದೆ ಎಂದು ವಾದಿಸಿಯೇ ಎರಡು ಚರ್ಚಾಸ್ಪರ್ಧೆ ಗೆದ್ದವಳು ನಾನು. ನಮ್ಮ ಕಾಲೇಜಿನ ಚರ್ಚಾ ತಂಡದವರನ್ನೆಲ್ಲ ಶಿವಮೊಗ್ಗದ ದುರ್ಗಿಗುಡಿಯ ಸೈಬರ್ ಕೆಫೆಗೆ ಕರೆದುಕೊಂಡು ಹೋದೆ. ಆರು ಕಂಪ್ಯೂಟರಿನಲ್ಲಿ ಆರು ಜನ ಕೂತು ಸೈಟಿನವರಿಗೆ ದೂರು ಕಳಿಸಿದೆವು. ಎಲ್ಲರ ಇಂಗ್ಲಿಷನ್ನೂ ನಾನೇ ತಿದ್ದಿದೆ. ಮೂರೇ ದಿನಕ್ಕೆ ಪುಟ ಮಾಯ. ಗೆದ್ದೆವೆಂದು ಮಂಡಕ್ಕಿ ತಿಂದೆವು.

ಮುಂದಿನ ವಾರ ಹೊಸ ಪುಟ ಬಂತು. ಅದೇ ಫೋಟೋ, ಅದೇ ನಂಬರು. ಈಗ ಅಕ್ಕ ನನ್ನನ್ನು ಕೇಳಲಿಲ್ಲ, ಠಾಣೆಗೆ ಹೊರಟಳು. ನಾನು ಹಿಂದೆ ಹೋದೆ.

“ಹಳೇ ಪುಟದ ಪ್ರಿಂಟ್ ಎಲ್ಲಮ್ಮ?” ಎಂದರು ಇನ್‌ಸ್ಪೆಕ್ಟರು.

“ತೆಗೆಸಿಬಿಟ್ವಿ ಸಾರ್. ಪ್ರಿಂಟ್ ಮಾಡ್ಕೊಂಡಿಲ್ಲ” ಎಂದೆ.

“ಕಳ್ಳತನ ಆದ ಮನೇನ ಗುಡಿಸಿ, ಸಾರಿಸಿ, ರಂಗೋಲಿ ಹಾಕಿ ಆಮೇಲೆ ನಮ್ಮನ್ನ ಕರೀತಿದ್ದೀಯಲ್ಲ ಮಾರಾಯ್ತಿ.”

ನಾನು ಐಟಿ ಕಾಯ್ದೆಯ ಅರವತ್ತೇಳನೇ ಸೆಕ್ಷನ್ ಶುರುಮಾಡಿದೆ.

“ಸೆಕ್ಷನ್ ನಾನು ಹಾಕ್ತೀನಿ. ನೀನು ಕೂತ್ಕೋ.”

ಇಬ್ಬರು ಸಾಕ್ಷಿಗಳ ಎದುರು ಹೊಸ ಪುಟದ ಪ್ರಿಂಟ್ ತೆಗೆಸಿ ಸಹಿ ಹಾಕಿಸಿಕೊಂಡರು. ಅದು ಯಾವ ಕಂಪ್ಯೂಟರಿನಿಂದ ಬಂತೆಂದು ಸೈಟಿನವರಿಗೆ ಬರೆದು ಕೇಳುತ್ತೇವೆ, ಉತ್ತರ ಬರುವವರೆಗೂ ಪುಟ ತೆಗೆಸಬೇಡಿ ಎಂದರು.

ಹೊರಗೆ ಬಂದ ತಕ್ಷಣ ನಾನು, “ಅಲ್ಲೀವರೆಗೂ ಊರೆಲ್ಲ ನೋಡ್ತಾರೆ. ಇದ್ಯಾವ ನ್ಯಾಯ? ಇವತ್ತೇ ತೆಗೆಸ್ತೀನಿ” ಎಂದೆ.

“ನಿಂಗೆ ಗೆದ್ರೆ ಸಾಕು ಕಣೇ. ನಂಗೆ ಬಸ್ಸಲ್ಲಿ ಪಕ್ಕದಲ್ಲಿ ನಿಂತಿರೋನು ಅವನೋ ಅಲ್ವೋ ಗೊತ್ತಾಗ್ಬೇಕು. ಅಲ್ಲೀವರೆಗೂ ಪುಟ ಇರ್ಲಿ ಬಿಡು” ಎಂದಳು ಅಕ್ಕ.

ನಾನು ಸೈಬರ್ ಕೆಫೆಗೆ ಹೋಗಲಿಲ್ಲ, ಪುಟ ಹಾಗೇ ಉಳಿಯಿತು. ಆ ದಿನಗಳಲ್ಲಿ ದೊಡ್ಡಪ್ಪನಿಗೆ ಬಿಡದೆ ಅಕ್ಕನೇ ಫೋನ್ ಎತ್ತುತ್ತಿದ್ದಳು. “ರಾಂಗ್ ನಂಬರ್” ಎಂದು ಇಟ್ಟು, ಕರೆ ಬಂದ ಹೊತ್ತನ್ನು ಬರೆದುಕೊಳ್ಳುತ್ತಿದ್ದಳು.

ಒಂದೂವರೆ ತಿಂಗಳಾದ ಮೇಲೆ ಉತ್ತರ ಬಂತು. ಪುಟ ತೆರೆದದ್ದು ಭದ್ರಾವತಿಯದೇ ಒಂದು ಸೈಬರ್ ಕೆಫೆಯಲ್ಲಿ. ಪುಟ ತೆರೆದವನಿಗೆ ಕೆಫೆಯವನು ಪರಿಚಯಸ್ಥ, ಸುಳ್ಳು ಹೆಸರು ಬರೆದರೆ ನಕ್ಕಾನು. ಹಾಗಾಗಿ ರಿಜಿಸ್ಟರಿನಲ್ಲಿ ನಿಜವಾದ ಹೆಸರನ್ನೇ ಬರೆದಿದ್ದ. ಅಕ್ಕನ ಸಹಪಾಠಿ. ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿಯುತ್ತಿದ್ದವನು.

ಕೇಸು ವರ್ಷಗಟ್ಟಲೆ ಎಳೆಯಿತು. ಆ ವಿಷಯದಲ್ಲಿ ನನ್ನ ವಾದ ಈಗಲೂ ಬದಲಾಗಿಲ್ಲ. ಆದರೆ ಅಕ್ಕ ಅದಕ್ಕೆ ಕಾಯಲಿಲ್ಲ. ಪುಟ ತೆಗೆಸಿ, ಸೋಮವಾರವೇ ಕಾಲೇಜಿಗೆ ಹೋದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆಲ್ಲ ಅವನ ಹೆಸರು ಸಮೇತ ಹೇಳಿದಳಂತೆ.