ತಲಾ ಹನ್ನೊಂದು

೧೯೯೮ರ ಜೂನ್ ಒಂಬತ್ತರಂದು ಕಾರ್ಖಾನೆಯ ತಪಾಸಣಾ ಎಂಜಿನಿಯರ್ ಆಗಿದ್ದ ನಾನು ಪರೀಕ್ಷಾ ಪುಸ್ತಕದಲ್ಲಿ ‘ಒಟ್ಟು ಇಪ್ಪತ್ತೆರಡು ಸುತ್ತು, ತಲಾ ಹನ್ನೊಂದು’ ಎಂದು ಬರೆದು ಸಹಿ ಹಾಕಿದೆ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಮೇಸ್ತ್ರಿಯವರ ಅಭಿನಂದನಾ ಗ್ರಂಥಕ್ಕೆ ಬರೆಯಲು ಕುಳಿತಾಗ ಮೊದಲು ನೆನಪಾಗುವುದು ಆ ಸಾಲು.

ಬೆಟ್ಟದ ದಾರಿಗಾಗಿ ಜೀಪುಗಳನ್ನು ಎತ್ತರಿಸಿ ಅಗಲವಾದ ಚಕ್ರ ತೊಡಿಸುವವರು ಹಲವರಿದ್ದಾರೆ. ಹಾಗೆ ತೊಡಿಸಿದ ಮೇಲೆ ಸ್ಟೀರಿಂಗಿನ ಮೇಲೆ ಬೀಳುವ ಭಾರವನ್ನು ಕುರಿತು ಯೋಚಿಸುವವರು ವಿರಳ. ಮೇಸ್ತ್ರಿಯವರು ಮೂವತ್ತೊಂದು ವರ್ಷ ಆ ಯೋಚನೆಯನ್ನೇ ವೃತ್ತಿಯಾಗಿಸಿಕೊಂಡವರು. ವೆಲ್ಡರ್ ಆಗಿ ಸೇರಿದ ಮೊದಲ ವರ್ಷವೇ, ಸ್ಟೀರಿಂಗ್ ಪೆಟ್ಟಿಗೆ ಕೂರುವ ಜಾಗದಲ್ಲಿ ಗಾಡಿಯ ಅಡಿಚೌಕಟ್ಟಾದ ಚಾಸಿ ಬಿರುಕು ಬಿಟ್ಟಿರುವುದನ್ನು ಉಗುರಿನಿಂದ ತಡವಿ ಪತ್ತೆಹಚ್ಚಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಬೆಸೆದರು. ಇಲ್ಲಿಂದ ಹೊರಡುವ ಪ್ರತಿ ಗಾಡಿಗೂ ಇಂದು ಆ ಪಟ್ಟಿ ಇದೆ. ನಾನು ಕಾಲು ಮುರಿದುಕೊಂಡಿದ್ದ ಆರು ವಾರ, ಪರೀಕ್ಷಾ ಪುಸ್ತಕವನ್ನು ದಿನವೂ ಮನೆಗೆ ತಂದುಕೊಟ್ಟವರೂ ಅವರೇ.

ಆ ಜೂನ್‌ನಲ್ಲಿ ಬಂದದ್ದು ಬೆಟ್ಟದ ಹಳ್ಳಿಗಳಿಗೆ ಹೋಗುವ ಆಸ್ಪತ್ರೆಯ ಜೀಪು. ಅದನ್ನು ಓಡಿಸುವ ವೈದ್ಯೆ ನನ್ನ ಮಗಳು. ಮುಂದಿನ ಚಕ್ರಗಳೆರಡನ್ನು ಜೋಡಿಸುವ ಸರಳು ಬಾಗಿದ್ದರಿಂದ ದಪ್ಪ ಕೊಳವೆಯದನ್ನು ಹಾಕಿದ್ದೆವು. ಅದರ ಎರಡು ತುದಿಗಳಲ್ಲಿ ತಿರುಪಿನ ಕೀಲುಗಳು. ಒಂದೊಂದೂ ಕನಿಷ್ಠ ಹತ್ತು ಸುತ್ತು ಕೊಳವೆಯ ಒಳಗಿರಬೇಕು. ನಾನು ಸರಳಿನ ಉದ್ದ ಅಳೆದು, ಒಳಗಿರುವ ಒಟ್ಟು ಸುತ್ತುಗಳನ್ನು ಲೆಕ್ಕ ಹಾಕಿ, ಎರಡರಿಂದ ಭಾಗಿಸಿದ್ದೆ.

ಮಗಳು ಕಚೇರಿಯಲ್ಲಿ ಕೀಲಿಕೈಗೆ ಕೈ ಚಾಚುವ ಹೊತ್ತಿಗೆ ಮೇಸ್ತ್ರಿಯವರು ಮತ್ತೊಮ್ಮೆ ಗಾಡಿಯ ಕೆಳಗೆ ನುಸುಳಿ, ಅಲ್ಲಿಂದಲೇ ನನ್ನನ್ನು ಕರೆದರು.

“ಸರ್, ಎಡಗಡೆ ಎಷ್ಟು ಥ್ರೆಡ್ಡು?”

“ತಲಾ ಹನ್ನೊಂದು.”

“ತಲಾ ಬೇಡ ಸರ್. ಗಾಡಿ ಸರಾಸರಿ ಮೇಲೆ ಓಡಲ್ಲ. ಎಡಗಡೆ ಎಷ್ಟು?”

ಬಗ್ಗಿದೆ. ಹೊರಗೆ ಕಾಣುವ ಸುತ್ತುಗಳನ್ನು ಎಣಿಸಿ, ಆಯಾ ಕೀಲಿನ ಒಟ್ಟು ಸುತ್ತುಗಳಿಂದ ಕಳೆದೆ. ಬಲಕ್ಕೆ ಹದಿನೇಳು, ಎಡಕ್ಕೆ ಐದು. ಬೆಟ್ಟದ ಯಾವುದೋ ಒಂದು ತಿರುವಿನಲ್ಲಿ ಆ ಕೀಲು ಕಳಚಿಕೊಳ್ಳುತ್ತಿತ್ತು. ಯಾವ ತಿರುವು ಎಂಬುದೊಂದೇ ಉಳಿದಿದ್ದ ಪ್ರಶ್ನೆ. ಎದ್ದು ಹೋಗಿ ಪಾನೆ ತಂದೆ.

ಬಿಚ್ಚಿ ಸರಿಪಡಿಸಲು ಎರಡು ಗಂಟೆ ಹಿಡಿಯಿತು. ಲಸಿಕೆಯ ಪೆಟ್ಟಿಗೆ ಹಿಡಿದು ಅಂಗಳದಲ್ಲಿ ಶತಪಥ ತಿರುಗುತ್ತಿದ್ದ ಮಗಳು ಕೂಗಿದಳು: “ಏನ್ ಮೇಸ್ತ್ರಿ, ಗಾಡಿಗೆ ತಲೆ ಬಾಚ್ತಾ ಇದ್ದೀರಾ?”

“ಬಣ್ಣ ಒಣಗಿಲ್ಲ ತಾಯಿ,” ಎಂದರು ಮೇಸ್ತ್ರಿಯವರು, ನನ್ನತ್ತ ನೋಡದೆ.

ಅಂದಿನಿಂದ ಅವಳ ಬಾಯಲ್ಲಿ ಅವರು ‘ಹಸಿಬಣ್ಣ ಮೇಸ್ತ್ರಿ’. ಇಡೀ ಕಾರ್ಖಾನೆ ಆ ಹೆಸರನ್ನು ಹಿಡಿದುಕೊಂಡಿತು. ತಡಮಾಡುವವರೆಂಬ ಆ ಹಾಸ್ಯವನ್ನು ಅವರು ಹದಿನಾಲ್ಕು ವರ್ಷ ನಗುತ್ತಲೇ ಹೊತ್ತರು. ನಾನು ಅಷ್ಟೂ ವರ್ಷ ಬಾಯಿ ಬಿಡಲಿಲ್ಲ. ಮಗಳು ಈಗಲೂ ಬೆಟ್ಟ ಹತ್ತುತ್ತಾಳೆ. ಹಿಂದಿರುಗುವವರೆಗೆ ನಾನು ಎಡವನ್ನೂ ಬಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತಿರುತ್ತೇನೆ.

ಮೇಸ್ತ್ರಿಯವರು ದೀರ್ಘಕಾಲ ಆರೋಗ್ಯದಿಂದಿರಲಿ. ನಿವೃತ್ತಿಯ ಬಳಿಕವೂ, ಹೊರಡಲಿರುವ ಗಾಡಿಯ ಕೆಳಗೊಮ್ಮೆ ನುಸುಳಿ ನೋಡುವ ಅಭ್ಯಾಸವನ್ನು ಬಿಡದಿರಲಿ. ಅವರಿಗೆ ನಾನು ಸಲ್ಲಿಸಬೇಕಾದ ಋಣ ಒಂದೇ ವಾಕ್ಯದ್ದು. ಈ ಗ್ರಂಥವನ್ನು ಮಗಳೂ ಓದುವಳಾದ್ದರಿಂದ ಇಲ್ಲಿಯೇ ಸಲ್ಲಿಸುತ್ತೇನೆ.

ಮಗಳೇ, ಅಂದು ಬಣ್ಣ ಒಣಗಿತ್ತು.